ಖರ್ಚು ಕಿವಿಯ ಕಡೆಯಿಂದ ಶುರುವಾಗಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಕೂತು ಮನಸ್ಸಿಟ್ಟು ಹಾಡು ಕೇಳುವವರಿಗೆ ಒಂದಲ್ಲ ಒಂದು ದಿನ ಅನ್ನಿಸುತ್ತದೆ, ಇದು ಇನ್ನೂ ಚೆನ್ನಾಗಿ ಕೇಳಿಸಬಹುದಲ್ವಾ ಅಂತ. ಅಲ್ಲಿಂದ ಹುಡುಕಾಟ ಶುರು. ಹೊಸ ಹೆಡ್‌ಫೋನ್ ತಗೊಳ್ಳಬೇಕೇ? ದನಿಗೆ ಬಲ ಕೊಡುವ ಆಂಪ್ಲಿಫೈಯರ್, ಅಂದರೆ ಆಂಪ್ ಬೇಕೇ? ಫೈಲಿನ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಮಾಡುವ ಡ್ಯಾಕ್ ಅನ್ನುತ್ತಾರಲ್ಲ, ಅದು ಬೇಕೇ? ಕೇಬಲ್ ಬದಲಿಸಿದರೆ ಸಾಕೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೆ ದುಡ್ಡು ಖರ್ಚಾಗುತ್ತದೆ, ಹಾಡು ಮೊದಲಿದ್ದ ಹಾಗೇ ಇರುತ್ತದೆ.

ಇದಕ್ಕೆ ಕಾರಣ ಖರ್ಚಿನ ಕ್ರಮ ತಪ್ಪಿರುವುದು. ಕಿವಿಯ ಹತ್ತಿರ ಇರುವುದನ್ನು ಮೊದಲು ಸರಿಮಾಡಿ, ಆಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ. ಕಿವಿಗೆ ತಾಗುವ ಪ್ಯಾಡ್, ನಂತರ ಹೆಡ್‌ಫೋನ್, ಅದರ ಹಿಂದೆ ಆಂಪ್, ಅದರ ಹಿಂದೆ ಡ್ಯಾಕ್, ಎಲ್ಲಕ್ಕೂ ಹಿಂದೆ ಹಾಡಿನ ಫೈಲು. ಹಿಂದೆ ಹಿಂದೆ ಹೋದಷ್ಟೂ ಕಿವಿಗೆ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ಎರಡು ಹೆಡ್‌ಫೋನ್‌ಗಳ ನಡುವೆ ಕೆಲವು ಸ್ವರಗಳಲ್ಲಿ 5 ರಿಂದ 10 ಡೆಸಿಬಲ್ ವ್ಯತ್ಯಾಸ ಇರುವುದು ತೀರಾ ಸಾಮಾನ್ಯ. ಡೆಸಿಬಲ್ ಅಂದರೆ ದನಿಯ ಜೋರನ್ನು ಅಳೆಯುವ ಮಾನ. ಸರಿಯಾಗಿ ಮಾಡಿದ ಎರಡು ಡ್ಯಾಕ್‌ಗಳ ನಡುವೆ ಅರ್ಧ ಡೆಸಿಬಲ್ ಸಿಗುವುದೂ ಅಪರೂಪ.

ಮೊದಲು ಪ್ಯಾಡ್ ನೋಡೋಣ. ಕಿವಿಯ ಸುತ್ತ ಕೂರುವ ಆ ಮೆತ್ತೆಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಬಾಸ್, ಅಂದರೆ ತಗ್ಗಿನ ಸ್ವರ, ಪೂರ್ತಿ ನಿಂತಿರುವುದು ಅದರ ಮೇಲೆ. ಹಿಂಬದಿ ಮುಚ್ಚಿದ ಹೆಡ್‌ಫೋನಿನಲ್ಲಿ ಪ್ಯಾಡ್ ಮತ್ತು ಚರ್ಮದ ನಡುವೆ ಗಾಳಿ ಸೋರದಿದ್ದರೆ ಮಾತ್ರ ಬಾಸ್ ಸರಿಯಾಗಿ ಬರುತ್ತದೆ. ಕನ್ನಡಕದ ಕಡ್ಡಿ ಅಡ್ಡ ಬಂದರೂ ಸಾಕು, ಕೂದಲು ಸಿಕ್ಕಿಕೊಂಡರೂ ಸಾಕು, ಸಣ್ಣ ಸಂದು ಬೀಳುತ್ತದೆ. ಆ ಸಂದಿನಲ್ಲಿ ಬಾಸ್ ಹೊರಟುಹೋಗುತ್ತದೆ. ನಾವು ಹೆಡ್‌ಫೋನ್ ಸರಿಯಿಲ್ಲ ಅಂದುಕೊಳ್ಳುತ್ತೇವೆ.

ಪರೀಕ್ಷೆ ಮಾಡುವುದು ಸುಲಭ. ಡ್ರಮ್ ಅಥವಾ ಬಾಸ್ ಗಿಟಾರ್ ಚೆನ್ನಾಗಿರುವ ಒಂದು ಹಾಡು ಹಾಕಿ. ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಬಾಸ್ ಇದ್ದಕ್ಕಿದ್ದಂತೆ ತುಂಬಿಕೊಂಡಿತೇ? ಹಾಗಾದರೆ ಸೋರಿಕೆ ಇದೆ ಅಂತಲೇ ಅರ್ಥ. ಪ್ಯಾಡಿನ ಹೊದಿಕೆ ಬಿರುಕುಬಿಟ್ಟಿದ್ದರೆ, ಒಳಗಿನ ಫೋಮ್ ಚಪ್ಪಟೆಯಾಗಿದ್ದರೆ, ಹೊಸ ಪ್ಯಾಡ್ ಹಾಕಿಸಿ. ಎಷ್ಟೋ ಹಳೆಯ ಹೆಡ್‌ಫೋನ್‌ಗಳಿಗೆ ಇದಕ್ಕಿಂತ ದೊಡ್ಡ ಅಪ್‌ಗ್ರೇಡ್ ಇಲ್ಲ. ಒಂದು ಎಚ್ಚರ ಇರಲಿ. ತಯಾರಕರದೇ ಪ್ಯಾಡ್ ಸಿಕ್ಕರೆ ಅದನ್ನೇ ಕೊಳ್ಳಿ. ಬೇರೆ ದಪ್ಪದ, ಬೇರೆ ಬಟ್ಟೆಯ ಪ್ಯಾಡ್ ಹಾಕಿದರೆ ದನಿಯೇ ಬೇರೆಯಾಗುತ್ತದೆ. ಅದು ಯಾವಾಗಲೂ ಒಳ್ಳೆಯದಕ್ಕೇ ಆಗುವುದಿಲ್ಲ.

ಕಿವಿಯೊಳಗೆ ಇಡುವ ಇಯರ್‌ಫೋನಿಗೂ ಇದೇ ಮಾತು. ಡಬ್ಬಿಯಲ್ಲಿ ಮೂರು ಅಳತೆಯ ರಬ್ಬರ್ ಟಿಪ್ ಕೊಟ್ಟಿರುತ್ತಾರೆ. ಬಹಳ ಜನ ಮೊದಲೇ ಹಾಕಿದ್ದ ಮಧ್ಯದ ಅಳತೆಯಲ್ಲೇ ಉಳಿದುಬಿಡುತ್ತಾರೆ. ಮೂರನ್ನೂ ಹಾಕಿ ನೋಡಿ. ಎಡಗಿವಿಗೊಂದು ಅಳತೆ, ಬಲಗಿವಿಗೊಂದು ಅಳತೆ ಬೇಕಾದರೂ ಆಶ್ಚರ್ಯವಿಲ್ಲ.

ಇನ್ನು ಹೆಡ್‌ಫೋನ್ ಆರಿಸುವ ವಿಷಯ. ಇಲ್ಲಿ ಮೊದಲ ಪ್ರಶ್ನೆ ಬ್ರ್ಯಾಂಡ್ ಯಾವುದು ಅನ್ನುವುದಲ್ಲ. ನೀವು ಕೇಳುವ ಕೋಣೆಯಲ್ಲಿ ಇನ್ನು ಯಾರಿರುತ್ತಾರೆ ಅನ್ನುವುದು. ಹೆಡ್‌ಫೋನ್‌ಗಳಲ್ಲಿ ಎರಡು ಜಾತಿ. ಕಿವಿಯ ಮೇಲೆ ಕೂರುವ ಕಪ್ ಇದೆಯಲ್ಲ, ಅದರ ಹಿಂಬದಿ ಮುಚ್ಚಿರುವುದು ಕ್ಲೋಸ್ಡ್ ಬ್ಯಾಕ್. ಜಾಲರಿಯಂತೆ ತೆರೆದಿರುವುದು ಓಪನ್ ಬ್ಯಾಕ್. ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌ಡಿ 414 ಅನ್ನುವ ಓಪನ್ ಹೆಡ್‌ಫೋನ್ ಮಾರುಕಟ್ಟೆಗೆ ತಂದಿತು. ಹಗುರವಾದ, ಹಳದಿ ಫೋಮ್ ಮೆತ್ತೆಯ ಆ ಹೆಡ್‌ಫೋನ್‌ನಿಂದ ಈ ಬಗೆ ಮನೆಮನೆಗೆ ಹೋಯಿತು. ಓಪನ್ ಬ್ಯಾಕಿನಲ್ಲಿ ದನಿ ಹೊರಡಿಸುವ ಡ್ರೈವರಿನ ಹಿಂದಿನ ದನಿ ಕಪ್ಪಿಗೆ ಬಡಿದು ವಾಪಸು ಬರುವುದಿಲ್ಲ, ಹೊರಗೆ ಹೋಗುತ್ತದೆ. ಹಾಗಾಗಿ ಹಾಡು ಬಿಡುಬೀಸಾಗಿ ಕೇಳಿಸುತ್ತದೆ. ಗಾಯಕರು ಒಂದು ಕಡೆ, ಪಿಟೀಲು ಇನ್ನೊಂದು ಕಡೆ, ಅವುಗಳ ನಡುವೆ ಜಾಗ ಇದೆ ಅನ್ನಿಸುತ್ತದೆ. ಕಿವಿಯೂ ಬೇಗ ಬೆವರುವುದಿಲ್ಲ.

ಆದರೆ ನೀವು ಕೇಳುವ ಹಾಡು ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ. ಅವರ ಮಾತು ನಿಮಗೂ ಕೇಳುತ್ತದೆ. ಪಕ್ಕದಲ್ಲಿ ಮಗು ಮಲಗಿದ್ದರೆ, ಅದೇ ಕೋಣೆಯಲ್ಲಿ ಯಾರಾದರೂ ಓದುತ್ತಿದ್ದರೆ, ಕ್ಲೋಸ್ಡ್ ಬ್ಯಾಕೇ ಸರಿ. ಒಬ್ಬರೇ ಕೂತು ಕೇಳುವ ನಿಶ್ಶಬ್ದವಾದ ಜಾಗ ಇದ್ದರೆ ಓಪನ್ ಬ್ಯಾಕ್ ತಗೊಳ್ಳಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಅದೇ ಬೆಲೆಗೆ ಅದರಷ್ಟು ಸಹಜವಾದ ದನಿ ಮುಚ್ಚಿದ ಕಪ್ಪಿನಲ್ಲಿ ಸಿಗುವುದು ಕಷ್ಟ.

ಸುತ್ತಲಿನ ಸದ್ದು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಬಗ್ಗೆಯೂ ಕೇಳುತ್ತಾರೆ. ಬೋಸ್ ಕಂಪನಿ ಕಟ್ಟಿದ ಅಮರ್ ಬೋಸ್ ಅವರಿಗೆ ಅದರ ಯೋಚನೆ ಹೊಳೆದದ್ದು 1978ರಲ್ಲಿ, ವಿಮಾನದಲ್ಲಿ ಕೂತಿದ್ದಾಗ. ಆ ತಂತ್ರದ ಬಲವೂ ಅಲ್ಲೇ ಇದೆ. ಒಂದೇ ಸಮನೆ ಗುಂಯ್‌ಗುಡುವ ತಗ್ಗಿನ ಸದ್ದನ್ನು ಅದು ಚೆನ್ನಾಗಿ ಅಡಗಿಸುತ್ತದೆ. ಮಾತು, ಪಾತ್ರೆಯ ಸದ್ದು ಇಂಥವನ್ನು ಅಷ್ಟಾಗಿ ಅಡಗಿಸುವುದಿಲ್ಲ. ಶಾಂತವಾದ ಮನೆಯಲ್ಲಿ ಕೇಳುವುದಕ್ಕೆ ಅಂತಲೇ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಬೆಲೆ ಜಾಸ್ತಿ ಆದಷ್ಟೂ ದನಿ ಚೆನ್ನಾಗಿರುತ್ತದೆಯೇ? 2017ರಲ್ಲಿ ಜೆರೋನ್ ಬ್ರೀಬಾರ್ಟ್ ಅನ್ನುವ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಬೆಲೆಯ ಪಕ್ಕ ಇಟ್ಟು ನೋಡಿದರು. ತಗ್ಗಿನ ಸ್ವರ ಎಷ್ಟು, ಮೇಲಿನ ಸ್ವರ ಎಷ್ಟು ಅನ್ನುವ ಹದಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ದುಬಾರಿ ಹೆಡ್‌ಫೋನಿನಲ್ಲಿ ಒಳ್ಳೆಯ ಲೋಹ, ಒಳ್ಳೆಯ ಹೊಲಿಗೆ, ಬಾಳಿಕೆ ಸಿಗಬಹುದು. ಸ್ವರಗಳ ಹದ ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ.

ಹಾಗಾದರೆ ಒಳ್ಳೆಯ ಹದ ಅಂದರೆ ಯಾವುದು? ಇದನ್ನೂ ಹುಡುಕಿದವರಿದ್ದಾರೆ. ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಯಾವ ಹೆಡ್‌ಫೋನ್ ಅಂತ ಗೊತ್ತಾಗದ ಹಾಗೆ ಜನರಿಗೆ ಹಾಡು ಕೇಳಿಸಿ ಅಭಿಪ್ರಾಯ ಪಡೆದರು. ಹೆಚ್ಚಿನವರು ಮೆಚ್ಚಿದ್ದು ಒಂದೇ ಬಗೆಯ ಹದವನ್ನು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಇಟ್ಟರೆ ಹೇಗೆ ಕೇಳಿಸುತ್ತದೋ, ಸುಮಾರು ಹಾಗೆ. ಹರ್ಮನ್ ಕರ್ವ್ ಅನ್ನುವ ಮಾತು ಎಲ್ಲಾದರೂ ಕಿವಿಗೆ ಬಿದ್ದರೆ ಅದು ಇದೇ. ಅದು ಕಾನೂನಲ್ಲ. ಕೆಲವರಿಗೆ ಇನ್ನಷ್ಟು ಬಾಸ್ ಬೇಕು, ಕೆಲವರಿಗೆ ಕಡಿಮೆ. ಆದರೆ ಎಲ್ಲಿಂದ ಶುರುಮಾಡಬೇಕು ಅಂತ ಗೊತ್ತಿಲ್ಲದವರಿಗೆ ಅದೊಂದು ನಂಬಬಹುದಾದ ಗುರುತು.

ಹದ ಇಷ್ಟವಾಗದಿದ್ದರೆ ಹೆಡ್‌ಫೋನ್ ಮಾರುವ ಮುಂಚೆ ಈಕ್ವಲೈಜರ್ ಮುಟ್ಟಿ, ಅಂದರೆ ತಗ್ಗಿನ ಸ್ವರ, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಅದು ಪುಕ್ಕಟೆಯಾಗಿ ಸಿಗುತ್ತದೆ. ಈಕ್ವಲೈಜರ್ ಬಳಸುವುದು ಸಂಗೀತಕ್ಕೆ ಮಾಡುವ ಅಪಚಾರ ಅಂತ ಕೆಲವರು ನಂಬುತ್ತಾರೆ. ನಾನು ಒಪ್ಪುವುದಿಲ್ಲ. ಹೆಡ್‌ಫೋನ್ ಈಗಾಗಲೇ ಹಾಡಿನ ಹದ ಬದಲಿಸಿಬಿಟ್ಟಿದೆ. ನೀವು ಅದನ್ನು ಸರಿಮಾಡುತ್ತಿದ್ದೀರಿ, ಅಷ್ಟೇ. ದನಿ ಚುಚ್ಚುವಂತಿದ್ದರೆ ಬಾಸ್ ಏರಿಸುವುದಕ್ಕಿಂತ, ಚುಚ್ಚುತ್ತಿರುವ ಮೇಲಿನ ಸ್ವರಗಳನ್ನು ಎರಡು ಮೂರು ಡೆಸಿಬಲ್ ಇಳಿಸಿ ನೋಡಿ. ಏನನ್ನಾದರೂ ಏರಿಸಲೇಬೇಕು ಅಂದರೆ, ಈಕ್ವಲೈಜರಿನ ಒಟ್ಟು ಮಟ್ಟವನ್ನು ಅಷ್ಟೇ ಇಳಿಸಿಕೊಳ್ಳಿ. ಇಲ್ಲದಿದ್ದರೆ ಜೋರಾದ ಕಡೆ ದನಿ ಒಡೆಯುತ್ತದೆ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ. ಎರಡು ಹೆಡ್‌ಫೋನ್‌ಗಳನ್ನು, ಎರಡು ಆಂಪ್‌ಗಳನ್ನು ಹೋಲಿಸಿ ನೋಡುವಾಗ ಎರಡರ ಜೋರೂ ಒಂದೇ ಇರಬೇಕು. ಒಂದು ಡೆಸಿಬಲ್ ಜಾಸ್ತಿ ಇದ್ದರೂ ಸಾಕು, ಜೋರಾಗಿದೆ ಅಂತ ನಮಗೆ ತಿಳಿಯುವುದೇ ಇಲ್ಲ, ಚೆನ್ನಾಗಿದೆ ಅಂತ ಅನ್ನಿಸುತ್ತದೆ. ಇದಕ್ಕೆ ಕಿವಿಯ ಸ್ವಭಾವವೇ ಕಾರಣ. ಸಣ್ಣ ದನಿಯಲ್ಲಿ ಕೇಳುವಾಗ ನಮ್ಮ ಕಿವಿಗೆ ತಗ್ಗಿನ ಸ್ವರ ಕಡಿಮೆ ಕೇಳಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಸಂಶೋಧಕರು ಇದನ್ನು 1933ರಲ್ಲೇ ಅಳೆದು ತೋರಿಸಿದರು. ವಾಲ್ಯೂಮ್ ಸ್ವಲ್ಪ ಏರಿದರೆ ಬಾಸ್ ತುಂಬುತ್ತದೆ, ಹಾಡಿಗೆ ಮೈ ಬಂದಂತಾಗುತ್ತದೆ. ಹೊಸ ಆಂಪ್ ತಂದ ದಿನ ಹಾಡೆಲ್ಲ ಹೊಸದಾಗಿ ಕೇಳಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಎರಡನ್ನೂ ಒಂದೇ ಜೋರಿಗೆ ತಂದುಕೊಳ್ಳಿ. ಸಾಧ್ಯವಾದರೆ ಯಾವುದು ಹಾಕಿದೆ ಅಂತ ನಿಮಗೆ ಕಾಣದ ಹಾಗೆ ಬೇರೆಯವರಿಂದ ಬದಲಿಸಿಸಿ. ಆಗಲೂ ವ್ಯತ್ಯಾಸ ಕೇಳಿಸಿದರೆ ಅದು ನಿಜವಾದ ವ್ಯತ್ಯಾಸ.

ಇನ್ನು ಆಂಪ್ಲಿಫೈಯರ್. ಇದು ಬೇಕೋ ಬೇಡವೋ ಅನ್ನುವುದನ್ನು ಹೆಡ್‌ಫೋನಿನ ಡಬ್ಬಿಯ ಮೇಲಿರುವ ಎರಡು ಅಂಕಿ ಹೇಳುತ್ತವೆ. ಒಂದು ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ ಇರುತ್ತದೆ. ಇನ್ನೊಂದು ಸೆನ್ಸಿಟಿವಿಟಿ, ಅಂದರೆ ಇಷ್ಟು ಶಕ್ತಿ ಕೊಟ್ಟರೆ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವುದು, ಡೆಸಿಬಲ್ ಲೆಕ್ಕದಲ್ಲಿ. ಜನ ಓಮ್ ಮಾತ್ರ ನೋಡಿ ಹೆದರುತ್ತಾರೆ. ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಉಪಕರಣ 1 ವೋಲ್ಟ್ ಕೊಡುತ್ತದೆ ಅಂತಿಟ್ಟುಕೊಳ್ಳಿ. 32 ಓಮ್ ಹೆಡ್‌ಫೋನಿಗೆ ಅದರಿಂದ ಸುಮಾರು 31 ಮಿಲಿವ್ಯಾಟ್ ಸಿಗುತ್ತದೆ. 300 ಓಮ್ ಹೆಡ್‌ಫೋನಿಗೆ ಸಿಗುವುದು 3 ಮಿಲಿವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಂದರೆ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ. ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದರೆ ದನಿ 10 ಡೆಸಿಬಲ್ ಇಳಿಯುತ್ತದೆ. ಆದರೆ ಆ 300 ಓಮ್ ಹೆಡ್‌ಫೋನಿನ ಸೆನ್ಸಿಟಿವಿಟಿ ಚೆನ್ನಾಗಿದ್ದರೆ ಆ 3 ಮಿಲಿವ್ಯಾಟೇ ಸಾಕಾಗಬಹುದು. ಅದೇ ಚಪ್ಪಟೆಯಾದ ತೆಳುಪೊರೆಯಿಂದ ದನಿ ಹೊರಡಿಸುವ ಕೆಲವು ಪ್ಲೇನಾರ್ ಹೆಡ್‌ಫೋನ್‌ಗಳಿಗೆ ಓಮ್ ಕಡಿಮೆ ಇದ್ದರೂ ಸೆನ್ಸಿಟಿವಿಟಿ ಕಡಿಮೆ, ಅವು ಜಾಸ್ತಿ ಶಕ್ತಿ ಕೇಳುತ್ತವೆ. ಅದಕ್ಕೇ ಎರಡು ಅಂಕಿಯನ್ನೂ ಜೊತೆಯಲ್ಲಿ ನೋಡಬೇಕು.

ಲೆಕ್ಕ ಬೇಡ ಅನ್ನುವವರಿಗೆ ಸುಲಭದ ದಾರಿ ಇದೆ. ಮೆಲುದನಿಯಲ್ಲಿ ರೆಕಾರ್ಡ್ ಆಗಿರುವ ಒಂದು ಹಾಡು ಹಾಕಿ. ನಿಮಗೆ ಸಾಕಾಗುವಷ್ಟು ಜೋರು ಮುಕ್ಕಾಲು ವಾಲ್ಯೂಮಿನೊಳಗೇ ಬಂದರೆ ಆಂಪ್ ಬೇಡ. ಪೂರ್ತಿ ಏರಿಸಿದರೂ ಸಾಲದಿದ್ದರೆ, ಇಲ್ಲವೇ ಏರಿಸಿದಾಗ ದನಿ ಒರಟಾದರೆ, ಆಗ ಬೇಕು. ಇಯರ್‌ಫೋನ್ ಬಳಸುವವರಿಗೆ ಬಲವಾದ ಆಂಪ್ ತೊಂದರೆಯನ್ನೇ ತರಬಹುದು, ಹಾಡಿನ ಹಿಂದೆ ಸುಯ್ಯ್ ಅನ್ನುವ ಸದ್ದು ಕೇಳತೊಡಗುತ್ತದೆ. ಆಂಪ್ ಕೊಳ್ಳುವಾಗ ಅದರ ಔಟ್‌ಪುಟ್ ಇಂಪೀಡೆನ್ಸ್ ಎಷ್ಟು ಅಂತ ಕೇಳಿ. ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು.

ಡ್ಯಾಕ್ ವಿಷಯ ಬೇಗ ಮುಗಿಯುತ್ತದೆ. ಅಂಕಿಗಳಾಗಿರುವ ಹಾಡನ್ನು ವಿದ್ಯುತ್ ಅಲೆಯಾಗಿ ಮಾಡುವ ಭಾಗ ಅದು. ಹೆಡ್‌ಫೋನ್ ತೂತು ಇಲ್ಲದ ಫೋನಿಗೆ ಸಿಕ್ಕಿಸುವ ಪುಟ್ಟ ಡಾಂಗಲ್ ಇದೆಯಲ್ಲ, ಹೆಚ್ಚಿನವುಗಳ ಒಳಗೆ ಡ್ಯಾಕ್, ಆಂಪ್ ಎರಡೂ ಇರುತ್ತವೆ. ಅದು ಸರಿಯಾಗಿ ಕೆಲಸ ಮಾಡುತ್ತಿದ್ದರೆ ದೊಡ್ಡ ಡ್ಯಾಕಿನಿಂದ ನಿಮಗೆ ಹೊಸದಾಗಿ ಕೇಳಿಸುವುದು ಬಹಳ ಕಡಿಮೆ. ಕಂಪ್ಯೂಟರಿಗೆ ಸಿಕ್ಕಿಸಿದಾಗ ಗರಗರ ಸದ್ದು ಬರುತ್ತಿದ್ದರೆ ಹೊರಗಿನ ಡ್ಯಾಕ್ ನಿಜಕ್ಕೂ ಸಹಾಯ ಮಾಡುತ್ತದೆ. ಫೈಲಿನ ವಿಷಯದಲ್ಲಿ, 1982ರಲ್ಲಿ ಬಂದ ಸಿಡಿಯ ಗುಣಮಟ್ಟ, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್, ಇವತ್ತಿಗೂ ಸಾಕು. ಅದು 22,050 ಹರ್ಟ್ಸ್‌ವರೆಗಿನ ಸ್ವರ ಹಿಡಿಯಬಲ್ಲದು. ಮನುಷ್ಯನ ಕಿವಿಯ ಮಿತಿಯೇ ಸುಮಾರು 20,000, ವಯಸ್ಸಾದಂತೆ ಅದೂ ಇಳಿಯುತ್ತದೆ. ದುಬಾರಿ ಕೇಬಲ್ ಬೇಡ. ಇರುವ ಕೇಬಲ್ ಗಟ್ಟಿಯಾಗಿದ್ದರೆ ಸಾಕು.

ವೈರ್‌ಲೆಸ್ ಬೇಕೇ ಅಂದರೆ, ಅನುಕೂಲಕ್ಕಾಗಿ ಧಾರಾಳವಾಗಿ ಬಳಸಿ. ಇವತ್ತಿನ ಬ್ಲೂಟೂತ್ ದನಿ ಚೆನ್ನಾಗಿಯೇ ಇದೆ. ಆದರೆ ಬ್ಯಾಟರಿಗೆ ಆಯುಷ್ಯ ಇದೆ, ಬಹಳಷ್ಟು ಮಾದರಿಗಳಲ್ಲಿ ಅದನ್ನು ಬದಲಿಸುವುದು ಸುಲಭವಲ್ಲ. ವೈರ್ ಇರುವ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಬಲ್ ಬಿಚ್ಚಬಹುದು, ಪ್ಯಾಡ್ ಬಿಚ್ಚಬಹುದು. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ದಶಕಗಳ ಕಾಲ ಮಾರಾಟದಲ್ಲಿ ಉಳಿದದ್ದಕ್ಕೆ ಅದರ ದನಿ ಒಂದು ಕಾರಣ. ಬಿಡಿಭಾಗ ಬದಲಿಸಿ ಬಳಸಬಹುದು ಅನ್ನುವುದು ಇನ್ನೊಂದು. ವರ್ಷಗಟ್ಟಲೆ ಜೊತೆಗಿರಬೇಕು ಅಂದರೆ ನನ್ನ ಆಯ್ಕೆ ವೈರ್ ಇರುವುದೇ.

ಕಿವಿಯ ಆರೋಗ್ಯದ ಬಗ್ಗೆ ಹೇಳದೆ ಮುಗಿಸಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬಲ್ ಜೋರಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 83 ಆದರೆ 20 ಗಂಟೆ. 89 ಆದರೆ ಬರೀ 5 ಗಂಟೆ. ಈ ಹಾನಿಗೆ ರಿಪೇರಿ ಇಲ್ಲ. ಹೊಸ ಆಂಪ್ ಸಿಕ್ಕಿಸುವಾಗ ವಾಲ್ಯೂಮ್ ಪೂರ್ತಿ ಇಳಿಸಿ, ಆಮೇಲೆ ಹೆಡ್‌ಫೋನ್ ತಲೆಗೆ ಹಾಕಿಕೊಳ್ಳಿ.

ಕೊಂಡದ್ದು ಸರಿಯೋ ಅಲ್ಲವೋ ತಿಳಿಯುವುದಕ್ಕೆ ಕೊನೆಯದೊಂದು ದಾರಿ. ಹೊಸದು ಬಂದ ಕೂಡಲೇ ಹಳೆಯದನ್ನು ಮಾರಬೇಡಿ. ವಾಪಸು ಕೊಡುವ ಅವಧಿ ಎಷ್ಟು ಅಂತ ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ. ಮೊದಲ ದಿನದ ಅಭಿಪ್ರಾಯವನ್ನು ಪೂರ್ತಿ ನಂಬಬೇಡಿ, ಹೊಸ ಹದಕ್ಕೆ ಮಿದುಳು ಒಗ್ಗಿಕೊಳ್ಳಲು ಸ್ವಲ್ಪ ದಿನ ಬೇಕು. ಒಂದು ವಾರ ಹೊಸದರಲ್ಲೇ ಕೇಳಿ. ಗಂಟೆಗಟ್ಟಲೆ ಹಾಕಿಕೊಂಡು ಕೂತರೆ ನೆತ್ತಿ ನೋಯುತ್ತದೆಯೇ, ಕಿವಿ ಬಿಸಿಯಾಗುತ್ತದೆಯೇ ಅನ್ನುವುದೂ ಆಗಲೇ ಗೊತ್ತಾಗುವುದು. ಆಮೇಲೆ, ನಿಮಗೆ ಚೆನ್ನಾಗಿ ಗೊತ್ತಿರುವ ನಾಲ್ಕು ಹಾಡುಗಳನ್ನು ಹಳೆಯದರಲ್ಲಿ ಮತ್ತೆ ಕೇಳಿ. ಏನೋ ಕಳೆದುಹೋಗಿದೆ ಅನ್ನಿಸಿದರೆ ಹೊಸದನ್ನು ಇಟ್ಟುಕೊಳ್ಳಿ. ಅನ್ನಿಸದಿದ್ದರೆ ಅವಧಿಯೊಳಗೆ ವಾಪಸು ಕೊಟ್ಟುಬಿಡಿ.

ನಮಸ್ಕಾರ.