ಮೂರು ನೂಲಿನ ಅಳತೆ

ಎಲ್ಲರಿಗೂ ನಮಸ್ಕಾರ.

ಅಪ್ಪ ತೀರಿಕೊಂಡು ಇವತ್ತಿಗೆ ಒಂದು ವರ್ಷ. ನನಗಿಂತ ಮೊದಲು ಮಾತನಾಡಿದ ಮೂವರು ಹಿರಿಯರೂ ಅವರನ್ನು ‘ಕಷ್ಟಜೀವಿ’ ಎಂದು ಕರೆದರು. ಪ್ರೀತಿಯಿಂದ ಕರೆದರು, ನನಗೆ ಗೊತ್ತು. ಆದರೂ ಆ ಮಾತಿನ ಮೇಲೆ ನನಗೊಂದು ತಕರಾರಿದೆ. ಕಷ್ಟವನ್ನು ಎತ್ತೂ ಪಡುತ್ತದೆ. ಕುಲುಮೆಯ ಮುಂದೆ ಕೂತವನ ಬೆವರು ದಾರಿಹೋಕರಿಗೂ ಕಾಣಿಸುತ್ತದೆ, ಅವನ ತಲೆಯೊಳಗಿನ ಲೆಕ್ಕ ಯಾರಿಗೂ ಕಾಣಿಸುವುದಿಲ್ಲ. ಅಪ್ಪ ತಿಳಿದವರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವನಾಗಿ ಈ ಮಾತು ಹೇಳುತ್ತಿದ್ದೇನೆ, ಮಗನಾಗಿ ಮಾತ್ರವಲ್ಲ.

ಯುಗಾದಿಗೆ ಮುಂಚಿನ ಹದಿನೈದು ದಿನ ನಮ್ಮ ಕುಲುಮೆ ಹೇಗಿರುತ್ತಿತ್ತು ಎಂಬುದು ಇಲ್ಲಿರುವ ಹಿರಿಯರಿಗೆ ನೆನಪಿದೆ. ಹೊನ್ನಾರು, ಎಂದರೆ ವರ್ಷದ ಮೊದಲ ಉಳುಮೆ, ಕಟ್ಟುವ ಹೊತ್ತಿಗೆ ಊರಿನ ಪ್ರತಿ ನೇಗಿಲಿನ ತುದಿಗೂ ಕಬ್ಬಿಣದ ಕುಳ ತಟ್ಟಿ ಕೊಡಬೇಕು. ಬೆಳಗಿನ ಜಾವಕ್ಕೇ ಸುತ್ತಿಗೆಯ ಸದ್ದು. ಅಮಾವಾಸ್ಯೆಯ ದಿನವೊಂದು ಬಿಟ್ಟರೆ ಇದ್ದಿಲು ಆರಿದ್ದೇ ಇಲ್ಲ. ಅದಕ್ಕೆಲ್ಲ ಕೂಲಿ ಎಂದರೆ ಆಯ. ಸುಗ್ಗಿಯಲ್ಲಿ ರಾಶಿ ಪೂಜೆಯಾದ ಮೇಲೆ ನೇಗಿಲಿಗೆ ಇಷ್ಟು ಕೊಳಗ ರಾಗಿ ಎಂದು ಕಣದಲ್ಲೇ ಅಳೆದು ಹಾಕುತ್ತಿದ್ದರು. ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು 1961ರ ಕಾಯ್ದೆಯಿಂದ ಹೋದವು. ಕಮ್ಮಾರನ ಆಯ ಹೋದದ್ದಕ್ಕೆ ಅಂಥ ತಾರೀಖಿಲ್ಲ. ಟ್ರ್ಯಾಕ್ಟರ್ ಬಂದಂತೆಲ್ಲ ನೇಗಿಲು ಅಟ್ಟ ಸೇರಿತು, ಕೊಳಗವೂ ಅದರ ಹಿಂದೆ ಹೋಯಿತು.

ನಾನು ಹೇಳಲು ಬಂದದ್ದು ಹಳಿ ಕಟ್ಟಿದ ಒಂದು ದಿನದ ಸಂಗತಿ. ಕೆಲವರು ನನ್ನ ಬಾಯಿಂದ ಇದನ್ನು ಎರಡು ಮೂರು ಸಲ ಕೇಳಿರುತ್ತೀರಿ, ಇನ್ನೊಮ್ಮೆ ಕೇಳಿ.

ಬಂಡಿಯ ಗಾಲಿಗೆ ಹಳಿ ಕಟ್ಟುವುದು ಎಂದರೆ ಮಕ್ಕಳಿಗೆ ಗೊತ್ತಿರಲಾರದು. ಮರದ ಗಾಲಿಯ ಸುತ್ತಳತೆ ಸುಮಾರು ಹದಿನಾಲ್ಕು ಅಡಿ ಎಂದು ಇಟ್ಟುಕೊಳ್ಳಿ. ಕಬ್ಬಿಣದ ಪಟ್ಟಿಯನ್ನು ಬಳೆಯಂತೆ ಬಾಗಿಸಿ ಬೆಸೆಯುವಾಗ ಅದಕ್ಕಿಂತ ಒಂದು ಹೆಬ್ಬೆರಳಿನಗಲ ಚಿಕ್ಕದಾಗಿಯೇ ಮಾಡಬೇಕು. ತಣ್ಣಗಿದ್ದಾಗ ಅದು ಗಾಲಿಗೆ ಹತ್ತುವುದೇ ಇಲ್ಲ. ಬೆರಣಿಯನ್ನು ದುಂಡಗೆ ಒಟ್ಟಿ, ನಡುವೆ ಹಳಿಯನ್ನು ಹುದುಗಿಸಿ ಬೆಂಕಿ ಹಾಕುತ್ತಾರೆ. ಕೆಂಪಗೆ ಕಾದ ಕಬ್ಬಿಣ ಹಿಗ್ಗುತ್ತದೆ. ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ತಂದು ಗಾಲಿಗೆ ತೊಡಿಸಿ, ಬಡಿದು ಕೂರಿಸಿ, ಮರ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಸುರಿಯಬೇಕು. ಹಳಿ ಕುಗ್ಗುವಾಗ ಗಾಲಿಯ ಕಡ್ಡಿಗಳಾದ ಅರೆಕಾಲುಗಳೆಲ್ಲ ನಡುವಿನ ಗುಂಬದೊಳಕ್ಕೆ ಬಿಗಿದುಕೊಳ್ಳುವ ಸದ್ದು ಕೇಳಬೇಕು. ಗಾಲಿ ಹಲ್ಲು ಕಚ್ಚಿದಂತಿರುತ್ತದೆ.

ಇದನ್ನೇ ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಒಂದು ಮೀಟರ್ ಕಬ್ಬಿಣ, ನೂರು ಡಿಗ್ರಿ ಕಾದರೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. ಆ ಹಳಿಯನ್ನು ಏಳುನೂರು ಡಿಗ್ರಿಗೆ ಕಾಯಿಸಿದರೆ ಮೂರೂವರೆ ಸೆಂಟಿಮೀಟರ್. ಅಪ್ಪನ ಹೆಬ್ಬೆರಳಿನಗಲ ಅದರೊಳಗೇ ಸರಿಯಾಗಿ ಕೂರುತ್ತದೆ. ಪುಸ್ತಕ ನೋಡಿ ನನಗೆ ಸಿಕ್ಕಿದ ಅಂಕಿ ಅವರ ಬೆರಳಿನಲ್ಲೇ ಇತ್ತು.

ಆ ದಿನಕ್ಕೆ ಬರುತ್ತೇನೆ. ನನಗೆ ಆಗ ಒಂಬತ್ತು ವರ್ಷ. ಪಕ್ಕದ ಊರಿನವರ ಬಂಡಿ, ಜಾತ್ರೆಗೆ ಹೋಗುವ ಅವಸರ. ಹಳಿ ಕೆಂಪಗೆ ಕಾದಿದೆ, ನಾಲ್ಕು ಜನ ಇಕ್ಕಳ ಹಾಕಿ ಎತ್ತಿದ್ದಾರೆ, ನಾನು ನೀರಿನ ಬಿಂದಿಗೆ ಹಿಡಿದು ನಿಂತಿದ್ದೇನೆ. ಅವ್ವ ಗಾಲಿಯನ್ನೊಮ್ಮೆ ಬೆರಳಿನಿಂದ ಮುಟ್ಟಿ ನೋಡಿ ಅಪ್ಪನಿಗೆ ಹೇಳಿದರು: “ಮೊನ್ನೆ ರಾತ್ರಿ ಮಳೆ ಬಂದಿತ್ತು. ಈ ಗಾಲಿ ಹೊರಗೇ ನೆನೆದಿದೆ. ನೀವು ಅಳತೆ ಹಿಡಿದದ್ದು ಅದರ ಮಾರನೆಯ ಬೆಳಿಗ್ಗೆ.”

ಅಷ್ಟೇ ಮಾತು. ಸುತ್ತ ಎಂಟು ಹತ್ತು ಗಂಡಸರು. ಅಪ್ಪ ಒಂದು ಕ್ಷಣ ಅವ್ವನ ಮುಖ ನೋಡಿದರು, ಬಗ್ಗಿ ಮರವನ್ನು ಬೆರಳ ಗೆಣ್ಣಿನಿಂದ ಎರಡು ಕಡೆ ತಟ್ಟಿ ಕಿವಿ ಕೊಟ್ಟರು. ಆಮೇಲೆ ಕೈ ಎತ್ತಿ, “ಇಳಿಸಿ” ಎಂದರು.

ನೆನೆದ ಮರ ಉಬ್ಬಿರುತ್ತದೆ. ಆ ಅಳತೆಗೆ ಹಳಿ ಕಟ್ಟಿದರೆ ಬೇಸಿಗೆಯಲ್ಲಿ ಮರ ಆರಿದಾಗ ಸಡಿಲವಾಗಿ, ಹೇರು ಹೊತ್ತ ಬಂಡಿಯ ಹಳಿ ಇಳಿಜಾರಿನಲ್ಲಿ ಕಳಚುತ್ತದೆ. ಬಂಡಿಯ ಯಜಮಾನರು ಕೂಗಾಡಿದರು. ಒಂದು ಗಾಡಿ ಬೆರಣಿ ಬೂದಿಯಾಯಿತಲ್ಲ ಎಂದರು. ಅಪ್ಪ ಹೇಳಿದ್ದು, “ಬೆರಣಿ ನನ್ನ ಲೆಕ್ಕಕ್ಕೆ. ಅಳತೆ ತಪ್ಪಿದ್ದು ನನ್ನದು, ಹಿಡಿದದ್ದು ಅವಳು.” ಹನ್ನೆರಡು ದಿನ ಗಾಲಿಯನ್ನು ನೆರಳಿನಲ್ಲಿ ಒಣಗಿಸಿ ಮತ್ತೆ ಅಳೆದರೆ ಎರಡು ನೂಲು ಕಡಿಮೆಯಾಗಿತ್ತು. ನೂಲು ಎಂದರೆ ಇಂಚಿನ ಎಂಟರಲ್ಲಿ ಒಂದು ಪಾಲು.

ಅವ್ವ ಮುಂದಿನ ಸಾಲಿನಿಂದ ತಲೆ ಅಲ್ಲಾಡಿಸುತ್ತಿದ್ದಾರೆ. ಮೂರು ನೂಲಂತೆ. ಮೂರು ನೂಲು, ತಿದ್ದಿಕೊಳ್ಳುತ್ತೇನೆ.

ಅಂದಿನಿಂದ ಹಳಿ ಎತ್ತಿಸುವ ಮುಂಚೆ ಅಪ್ಪ ಒಮ್ಮೆ, ಅವ್ವ ಕುಲುಮೆಗೆ ಗಾಳಿ ಒತ್ತುತ್ತಿದ್ದ ತಿದಿಯ ಕಡೆ ತಿರುಗಿ ನೋಡುತ್ತಿದ್ದರು. ಅವ್ವ ತಲೆಯಾಡಿಸಿದರೆ ಮಾತ್ರ “ಎತ್ತಿ” ಎನ್ನುತ್ತಿದ್ದರು. ಗಂಡ ಹೆಂಡತಿ ಅನ್ಯೋನ್ಯವಾಗಿದ್ದರು ಎಂದು ಜನ ಹೇಳುತ್ತಾರಲ್ಲ, ನಮ್ಮ ಮನೆಯಲ್ಲಿ ನಾನು ಕಂಡ ಅನ್ಯೋನ್ಯ ಅದು. ತಿದಿ ಒತ್ತಿದವರು ಅವ್ವ, ನನ್ನ ತಂಗಿ ಬಸಿರಿನಲ್ಲಿದ್ದಾಗ ಬಿಟ್ಟರೆ ಚಮ್ಮಟಿಗೆ ಹೊಡೆದವರೂ ಅವ್ವನೇ. ಸಂಜೆ ಅದೇ ಕುಲುಮೆಯ ಬಿಸಿ ಬೂದಿಯಲ್ಲಿ ಅಪ್ಪ ನಮಗೆ ಗೆಣಸು ಸುಟ್ಟು, ಸಿಪ್ಪೆ ಸುಲಿದು ಊದಿ ಕೊಡುತ್ತಿದ್ದರು. ಕಾದ ಕಬ್ಬಿಣದ ಮುಂದೆ ಬೆಚ್ಚದ ಮನುಷ್ಯ ಗೆಣಸನ್ನು ಎಷ್ಟು ಹೊತ್ತು ಊದುತ್ತಿದ್ದರೆಂದರೆ ನಮಗೆ ಅಳುವೇ ಬರುತ್ತಿತ್ತು.

ಸರ್ಕಾರದ ಬಗ್ಗೆ ಒಂದು ಮಾತು. 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಬಂತು. ಅದರ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ, ಉಪಕರಣಕ್ಕೆ 15,000 ರೂಪಾಯಿಯ ನೆರವಿದೆ, ತರಬೇತಿಯೂ ಇದೆ. ಒಳ್ಳೆಯದು. ಆದರೆ ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ನೋಂದಣಿ. ನಮ್ಮ ಕುಲುಮೆಯಿಂದ ಯಾರ ಹೆಸರು ಬರೆಸಬೇಕಿತ್ತು? ಅಳತೆ ಹಿಡಿದವರದೋ, ಅಳತೆಯ ತಪ್ಪು ಹಿಡಿದವರದೋ? ಇನ್ನೊಂದು, ಇಂಥವರನ್ನು ಕಲಿಯಲು ಕರೆಯುವಷ್ಟೇ ಆಸ್ಥೆಯಿಂದ ಕಲಿಸಲೂ ಕರೆಯಬೇಕು. ಕಷ್ಟಜೀವಿ ಎಂದುಬಿಟ್ಟರೆ ಕನಿಕರ ಹುಟ್ಟುತ್ತದೆ, ಗುರು ಎಂದು ಕರೆಯಲು ಮನಸ್ಸು ಬರುವುದಿಲ್ಲ. ನನ್ನ ತಕರಾರು ಇದೇ.

ಅಧ್ಯಕ್ಷರ ಚೀಟಿ ಬಂದಿದೆ, ಐದು ನಿಮಿಷ. ಉಕ್ಕಿನ ಬಗ್ಗೆ ಬಹಳ ಬರೆದುಕೊಂಡು ಬಂದಿದ್ದೆ. ಯೂರೋಪಿನವರು ವೂಟ್ಜ್ ಎಂದು ಕರೆದ ಲೋಹದ ಹೆಸರಿಗೆ ನಮ್ಮ ‘ಉಕ್ಕು’ ಎಂಬ ಮಾತೇ ಮೂಲ ಎನ್ನುತ್ತಾರೆ. 1819ರಲ್ಲಿ ಅದನ್ನು ಪರೀಕ್ಷಿಸಿ ಬರೆದವರು ವಿಜ್ಞಾನಿ ಮೈಕೆಲ್ ಫ್ಯಾರಡೆ. ಅವರ ತಂದೆಯೂ ಕಮ್ಮಾರರೇ! ಇದನ್ನು ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, “ಅವರ ತಾಯಿ ತಿದಿ ಒತ್ತುತ್ತಿದ್ದರೇನು?”

ಕುಡುಗೋಲಿಗೆ ಹದ ಕೊಡುವುದನ್ನೂ ಹೇಳಬೇಕಿತ್ತು. ಬಾಯಿಯನ್ನಷ್ಟೇ ನೀರಿಗೆ ಅದ್ದಿ, ಇಟ್ಟಿಗೆಯ ಚೂರಿಗೆ ಉಜ್ಜಿ ಬೆಳ್ಳಗೆ ಮಾಡಿದರೆ, ಬೆನ್ನಿನಲ್ಲಿ ಉಳಿದ ಕಾವು ಅಂಚಿನತ್ತ ಹರಿಯುತ್ತ ಬಣ್ಣ ಬದಲಿಸುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ನೀಲಿ ಅಂಚು ಮುಟ್ಟುವುದರೊಳಗೆ ಮತ್ತೆ ನೀರಿಗೆ. ಕಣ್ಣು ಮಿಟುಕಿಸಿದರೆ ಹದ ಹೋಯಿತು. ಇದು ಮಾತಿನಲ್ಲಿ ಬರುವುದಿಲ್ಲ, ನೋಡಬೇಕು.

ಕಬ್ಬಿಣ ಬಡಿಯುವ ಅಡೆಗಲ್ಲನ್ನೂ ತಿದಿಯನ್ನೂ ಹೊರಗೆ ಬೇವಿನ ಮರದ ಕೆಳಗೆ ತಂದು ಇಟ್ಟಿದ್ದೇವೆ, ಇದ್ದಿಲು ಹೊತ್ತಿಸಿದೆ. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆಯಂತೆ. ಶಾಲೆಯ ಮಕ್ಕಳು ಮೊದಲು ಬನ್ನಿ. ತಿದಿಯನ್ನು ಹೇಗೆ ಒತ್ತಬೇಕೆಂದು ಅವ್ವ ತೋರಿಸುತ್ತಾರೆ.