ಪೈಪೋಟಿಗಾರರು ಒಂದೇ ಯಂತ್ರಕ್ಕೆ ಹಣ ಹಾಕಿದ್ದೇಕೆ?

ನಮಸ್ಕಾರ. ಸ್ವಂತ ಸಂಶೋಧನಾಲಯ, ಸ್ವಂತ ಬಂಡವಾಳ ಮತ್ತು ನುರಿತ ಎಂಜಿನಿಯರುಗಳಿರುವ ದೊಡ್ಡ ಕಂಪನಿಯೊಂದು ಹೊಸದನ್ನು ಕಂಡುಹಿಡಿಯಲು ಹೊರಗಿನವರ ಕೈ ಹಿಡಿಯುವುದೇಕೆ ಎಂಬುದು ಇಂದಿನ ಪ್ರಶ್ನೆ. ಇಂಥ ಸಹಯೋಗಕ್ಕೆ ‘ಓಪನ್ ಇನ್ನೊವೇಶನ್’ ಎಂಬ ಹೆಸರನ್ನು 2003ರಲ್ಲಿ ಅಮೆರಿಕದ ಪ್ರಾಧ್ಯಾಪಕ ಹೆನ್ರಿ ಚೆಸ್‌ಬ್ರೋ ಪ್ರಚಾರಕ್ಕೆ ತಂದರು. ವ್ಯಾಖ್ಯಾನವನ್ನು ಅಷ್ಟಕ್ಕೇ ಬಿಟ್ಟು ನೇರವಾಗಿ ಒಂದು ಯಂತ್ರದ ಬಳಿಗೆ ಹೋಗೋಣ.

[ಪರದೆಯ ಮೇಲೆ: ತವರದ ಹನಿಗಳ ಅನಿಮೇಷನ್]

ಅತ್ಯಾಧುನಿಕ ಚಿಪ್‌ಗಳ ಮೇಲೆ ಸೂಕ್ಷ್ಮ ವಿನ್ಯಾಸಗಳನ್ನು ಮೂಡಿಸುವ ಇಯುವಿ (ಎಕ್ಸ್‌ಟ್ರೀಮ್ ಅಲ್ಟ್ರಾವಯಲೆಟ್, ಅಂದರೆ ಅತಿ ನೇರಳಾತೀತ ಬೆಳಕಿನ) ಯಂತ್ರವನ್ನು ಜಗತ್ತಿನಲ್ಲಿ ಮಾರಾಟಕ್ಕೆ ತಂದಿರುವುದು ನೆದರ್‌ಲ್ಯಾಂಡ್ಸಿನ ಎಎಸ್‌ಎಂಎಲ್ ಒಂದೇ. ಅದು ಬಳಸುವ ಬೆಳಕಿನ ತರಂಗಾಂತರ ಕೇವಲ 13.5 ನ್ಯಾನೋಮೀಟರ್. ಈ ಬೆಳಕನ್ನು ಹುಟ್ಟಿಸುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಿ. ನಿರ್ವಾತದಲ್ಲಿ ಕರಗಿದ ತವರದ ಹನಿಗಳು ಸೆಕೆಂಡಿಗೆ ಸುಮಾರು 50,000ದಂತೆ ಹಾರಿಬರುತ್ತವೆ. ಲೇಸರಿನ ಮೊದಲ ಹೊಡೆತಕ್ಕೆ ಹನಿ ಚಪ್ಪಟೆಯಾಗುತ್ತದೆ, ಎರಡನೆಯ ಹೊಡೆತಕ್ಕೆ ಅದು ಪ್ಲಾಸ್ಮಾ, ಅಂದರೆ ವಿಪರೀತ ಕಾದ ವಿದ್ಯುದಾವೇಶದ ಅನಿಲ ಆಗಿ ನಮಗೆ ಬೇಕಾದ ಬೆಳಕನ್ನು ಸೂಸುತ್ತದೆ. ಒಂದು ಹನಿಗೂ ಗುರಿ ತಪ್ಪದಂತೆ, ಗಂಟೆಗಟ್ಟಲೆ, ಕಾರ್ಖಾನೆಯೊಂದರಲ್ಲಿ ಇದು ನಡೆಯಬೇಕು! ಗಾಜು ಈ ಬೆಳಕನ್ನು ಹೀರಿಬಿಡುವುದರಿಂದ ಮಸೂರಗಳು ನಿರುಪಯೋಗಿ, ಕನ್ನಡಿಗಳೇ ಬೇಕು. ಆ ಕನ್ನಡಿಯನ್ನು ಇಡೀ ಜರ್ಮನಿಯಷ್ಟು ಹಿಗ್ಗಿಸಿದರೂ ಅದರ ಮೇಲಿನ ಅತಿ ದೊಡ್ಡ ಉಬ್ಬು ಒಂದು ಮಿಲಿಮೀಟರನ್ನು ಮುಟ್ಟುವುದಿಲ್ಲ.

ಲೇಸರ್ ಜರ್ಮನಿಯ ಟ್ರುಂಫ್ ಕಂಪನಿಯದು, ಕನ್ನಡಿಗಳು ಅದೇ ದೇಶದ ಝೈಸ್‌ನವು, ಬೆಳಕಿನ ಮೂಲವನ್ನು ಬೆಳೆಸಿದ್ದು ಅಮೆರಿಕದ ಸೈಮರ್. ಇವರಲ್ಲಿ ಯಾರೊಬ್ಬರೂ ಇನ್ನೊಬ್ಬರ ವಿದ್ಯೆಯನ್ನು ಹತ್ತು ವರ್ಷದಲ್ಲಿ ಕಲಿತುಬಿಡಬಹುದಾಗಿತ್ತು ಎಂದು ನನಗೆ ಅನಿಸುವುದಿಲ್ಲ.

ಆದರೆ ನನ್ನನ್ನು ಹೆಚ್ಚು ಸೆಳೆಯುವುದು ಹಣದ ಕಥೆ. ಬೆಳಕಿನ ಶಕ್ತಿ ಸಾಲದೆ ಯೋಜನೆ ವರ್ಷಗಟ್ಟಲೆ ತಡವಾಗುತ್ತಿದ್ದಾಗ, 2012ರಲ್ಲಿ ಎಎಸ್‌ಎಂಎಲ್ ತನ್ನ ಗ್ರಾಹಕರನ್ನೇ ಬಂಡವಾಳ ಹೂಡುವಂತೆ ಕರೆಯಿತು. ಮಾರುಕಟ್ಟೆಯಲ್ಲಿ ಪರಸ್ಪರ ಎದುರಾಳಿಗಳಾದ ಇಂಟೆಲ್, ಟಿಎಸ್‌ಎಂಸಿ ಮತ್ತು ಸ್ಯಾಮ್‌ಸಂಗ್ ಒಟ್ಟಾಗಿ ಶೇ. 23ರಷ್ಟು ಷೇರುಗಳನ್ನು ಕೊಂಡವು. ಅದರ ಮೇಲೆ ಐದು ವರ್ಷಗಳ ಸಂಶೋಧನೆಗೆಂದು ಸುಮಾರು 138 ಕೋಟಿ ಯೂರೋ ನೀಡಲೂ ಒಪ್ಪಿದವು. ಸಂಶೋಧನೆಯ ಫಲ ಎಲ್ಲ ಚಿಪ್ ತಯಾರಕರಿಗೂ ನಿರ್ಬಂಧವಿಲ್ಲದೆ ಸಿಗುತ್ತದೆ ಎಂಬುದು ಮೊದಲೇ ಘೋಷಿತವಾಗಿತ್ತು. ಸೋಲಿನ ನಷ್ಟ ಹಂಚಿಹೋಗಬೇಕು, ಗೆಲುವು ಯಾರೊಬ್ಬರ ಗುತ್ತಿಗೆಯೂ ಆಗಬಾರದು ಎಂಬ ಈ ಏರ್ಪಾಟು, ತವರದ ಹನಿಗಳಷ್ಟೇ ಜಾಣ್ಮೆಯ ಆವಿಷ್ಕಾರ ಎಂಬುದು ನನ್ನ ದೃಢ ಅಭಿಪ್ರಾಯ. ಸಹಯೋಗವೆಂದರೆ ಸದಾ ದೂರದ ಗೆಳೆತನವೆಂದೂ ಅಲ್ಲ: 2013ರಲ್ಲಿ ಎಎಸ್‌ಎಂಎಲ್ ಸೈಮರನ್ನು ಕೊಂಡೇಬಿಟ್ಟಿತು, ಝೈಸ್ ಮಾತ್ರ ಪ್ರತ್ಯೇಕ ಸಂಸ್ಥೆಯಾಗಿಯೇ ಉಳಿಯಿತು.

[ಪರದೆಯ ಮೇಲೆ: ಸಿಡಿ, ಬ್ಲೂಟೂತ್ ಚಿಹ್ನೆ, ಲಸಿಕೆ]

ಸಮಯ ಕಡಿಮೆಯಿರುವುದರಿಂದ ಉಳಿದವನ್ನು ಒಟ್ಟಿಗೆ ಹೇಳುತ್ತೇನೆ. ಬೆಳಕಿನಿಂದ ಓದುವ ತಟ್ಟೆಗಳಲ್ಲಿ ಪಳಗಿದ್ದ ಫಿಲಿಪ್ಸ್ ಮತ್ತು ಡಿಜಿಟಲ್ ಧ್ವನಿಯಲ್ಲಿ ಪಳಗಿದ್ದ ಸೋನಿ ಒಂದೇ ಮಾನದಂಡಕ್ಕೆ ಒಪ್ಪಿದ್ದರಿಂದ 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂತು. ಆಮೇಲೆ ಪ್ಲೇಯರುಗಳ ಮಾರಾಟದಲ್ಲಿ ಇಬ್ಬರೂ ಪೈಪೋಟಿ ನಡೆಸಿದರು. 1998ರಲ್ಲಿ ಎರಿಕ್‌ಸನ್, ಐಬಿಎಂ, ಇಂಟೆಲ್, ನೋಕಿಯಾ ಮತ್ತು ತೋಷಿಬಾ ಬ್ಲೂಟೂತ್‌ಗಾಗಿ ಇದೇ ದಾರಿ ಹಿಡಿದವು. ಫೈಝರ್ ಮತ್ತು ಬಯೋಎನ್‌ಟೆಕ್ 2018ರಿಂದಲೇ ಫ್ಲೂ ಲಸಿಕೆಗಾಗಿ ಜೊತೆಯಾಗಿದ್ದವು, ಹೀಗಾಗಿ 2020ರಲ್ಲಿ ಕೋವಿಡ್ ಬಂದಾಗ ಪರಿಚಯದಿಂದ ಆರಂಭಿಸಬೇಕಾದ ಪ್ರಮೇಯ ಬರಲಿಲ್ಲ.

ಎಲ್ಲವನ್ನೂ ಹಂಚಿಕೊಳ್ಳಬೇಕೆಂದೇನೂ ಇಲ್ಲ. 1987ರಲ್ಲಿ ಅಮೆರಿಕದ 14 ಚಿಪ್ ಕಂಪನಿಗಳು ಸೇರಿ ಕಟ್ಟಿದ ಸೆಮಾಟೆಕ್‌ನಲ್ಲಿ ಸದಸ್ಯರು ತಮ್ಮ ತಯಾರಿಕೆಯ ಗುಟ್ಟುಗಳನ್ನು ಬಿಟ್ಟುಕೊಡಲು ಹಿಂಜರಿದರು. ಆಗ ಸಂಸ್ಥೆಯ ಗಮನ, ಎಲ್ಲರಿಗೂ ಯಂತ್ರೋಪಕರಣ ಪೂರೈಸುವ ಕಂಪನಿಗಳನ್ನು ಬಲಪಡಿಸುವತ್ತ ತಿರುಗಿತು.