ಗುಂಪು ಬಿಟ್ಟು ಹೋದವರ ಮಾತು

ಎಲ್ಲರಿಗೂ ಶರಣು ಶರಣಾರ್ಥಿ. ಗುಂಪು ಬಿಟ್ಟು ಹೋಗುವವರು ತಾವು ಬರೆದದ್ದನ್ನೆಲ್ಲ ಅಳಿಸಿ ಎಂದರೆ ಏನು ಮಾಡಬೇಕು ಎನ್ನುವುದು ಇವತ್ತಿನ ಮಾತು. ಅದರ ಕಾನೂನಿಗಿಂತ ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ಕಲಬುರಗಿ ಸುತ್ತಮುತ್ತ ತೊಗರಿ ಬೆಳೆಯುವ ಒಂದಷ್ಟು ಜನ ಸೇರಿ ಫೇಸ್‌ಬುಕ್ಕಿನಲ್ಲಿ ಗುಂಪು ಕಟ್ಟಿಕೊಂಡಿದ್ದೇವೆ. ಅಡ್ಮಿನ್ ನಾನು. ಅಲ್ಲೊಬ್ಬರು ಹಿರಿಯರಿದ್ದರು, ಎಲ್ಲರಿಗೂ ಕಾಕಾ. ನೆಟೆ ರೋಗಕ್ಕೆ ಒಣಗಿದ ಗಿಡದ ಫೋಟೋ ಯಾರಾದರೂ ಹಾಕಿದರೆ ಸಾಕು, ಬೀಜಕ್ಕೆ ಟ್ರೈಕೋಡರ್ಮ ಶಿಲೀಂಧ್ರದ ಪುಡಿ ಹಚ್ಚಿದ್ದೆಯೇನು, ವರ್ಷಾ ವರ್ಷಾ ಅದೇ ಹೊಲಕ್ಕೆ ತೊಗರಿ ಯಾಕೆ, ಟಿಎಸ್-3ಆರ್ ತಳಿ ಹಾಕಿ ನೋಡು ಎಂದು ಬೈಯುತ್ತಲೇ ಹೇಳಿಕೊಡುವರು. ಕಾಯಿಕೊರಕದ ಬಗ್ಗೆ ಅವರು ಬರೆದದ್ದಂತೂ ನಮಗೆಲ್ಲ ಬಾಯಿಪಾಠ: ಸಾಲಿನ ನಡುವೆ ತಾಡಪತ್ರಿ ಹಾಸು, ಗಿಡ ಹಿಡಿದು ಅಲುಗಿಸು, ಬಿದ್ದ ಹುಳ ಬಳಿದುಕೊಂಡು ಹೋಗು.

ಒಂದು ದಿನ ಅವರ ಫೋನ್ ಬಂತು. "ತಮ್ಮಾ, ನಾ ಈ ಗುಂಪಿನ್ಯಾಗ ಇರಂಗಿಲ್ಲ. ನಾ ಬರ್ದದ್ದೆಲ್ಲಾ ತೆಗ್ದಬಿಡು. ನನ್ನ ಹೆಸರ ಎಲ್ಲಿನೂ ಕಾಣಬಾರ್ದು." ತಾವೇ ಅಳಿಸುವುದು ಅವರಿಗೆ ಗೊತ್ತಿರಲಿಲ್ಲ. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳದಿದ್ದದ್ದು ಇವತ್ತಿಗೂ ಸರಿ ಅನಿಸುತ್ತದೆ. ತಪ್ಪಾದದ್ದು ಆಮೇಲೆ. ಅವತ್ತೇ ರಾತ್ರಿ ಕುಳಿತು ಕಾಯಿಕೊರಕದ ಪೋಸ್ಟ್ ಅಳಿಸಿದೆ. ಪೋಸ್ಟ್ ಹೋದರೆ ಅದರ ಕೆಳಗಿನ ಕಾಮೆಂಟುಗಳೂ ಹೋಗುತ್ತವೆ. ಆ ಕ್ಷಣಕ್ಕೆ ಅದು ತಲೆಗೆ ಹೊಳೆಯಲಿಲ್ಲ. ಸೇಡಂ ಕಡೆಯ ತಾಯಿಯೊಬ್ಬರು ತಮ್ಮ ಹೊಲದಲ್ಲಿ ಮಾಡಿ ನೋಡಿದ್ದನ್ನು ದಿನಾ ದಿನಾ ಅದರ ಕೆಳಗೇ ಬರೆದಿದ್ದರು. ಅದೂ ಹೋಯಿತು. ಬೆಳಗಾದರೆ ಅವರದೇ ಫೋನು: "ಅಣ್ಣಾರ, ಕಾಕಾನ ಬಾಜು ನಂದೂ ಯಾಕ್ರಿ ಅಳಿಸಿದ್ರಿ?"

ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ನಾನು ಕಾನೂನು ಓದಿದೆ. ಸ್ಪೇನಿನ ಒಬ್ಬರ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ 1998ರ ಪತ್ರಿಕೆಯಲ್ಲಿ ಬಂದಿದ್ದ ಹಳೆಯ ಹರಾಜು ನೋಟಿಸೇ ಕಾಣುತ್ತಿತ್ತು. ಅಂಥ ಕೊಂಡಿ ತೆಗೆಸುವ ಹಕ್ಕು ಮನುಷ್ಯನಿಗಿದೆ ಎಂದು 2014ರ ಮೇ 13ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ಹೇಳಿತು. ಪತ್ರಿಕೆಯ ಪುಟ ಮಾತ್ರ ಇದ್ದಲ್ಲೇ ಇತ್ತು. ಮರೆತುಬಿಡಿ ಎಂದು ಕೇಳಿದವರ ಹೆಸರು ಈಗ ಕಾನೂನು ಓದುವ ಹುಡುಗರಿಗೆಲ್ಲ ಗೊತ್ತು. ನಾನಾದರೂ ಹೇಳುವುದು ಬೇಡ. ನಮ್ಮ ಹೈಕೋರ್ಟೂ 2017ರ ಜನವರಿಯಲ್ಲಿ, ಒಂದು ಆದೇಶದಲ್ಲಿದ್ದ ಹೆಣ್ಣುಮಗಳ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಿ ಎಂದಿತು. ಆದೇಶ ಹಾಗೇ ಉಳಿಯಿತು, ಹೆಸರು ಮರೆಗೆ ಸರಿಯಿತು. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದರು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ ಅಳಿಸಿ ಎಂದು ಕೇಳುವ ಹಕ್ಕೇನೋ ಇದೆ. ಆದರೆ ತಾನಾಗಿಯೇ ಸಾರ್ವಜನಿಕವಾಗಿ ಹಂಚಿಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ನಮ್ಮ ಕಾಕಾನಂಥವರ ವಿಷಯ ಬಹುಮಟ್ಟಿಗೆ ನಮ್ಮ ನಿಮ್ಮ ಮರ್ಯಾದೆಗೇ ಬಿಟ್ಟದ್ದು.

ಬಸವಕಲ್ಯಾಣ ಇಲ್ಲಿಂದ ಎಷ್ಟು ದೂರ? ಬರೆದವರ ಹೆಸರೇ ಗೊತ್ತಿಲ್ಲದ ವಚನಗಳು ನಮ್ಮಲ್ಲಿವೆ. ಕೊನೆಗೊಂದು ಅಂಕಿತ ಇರುತ್ತದೆ, ಅದು ದೇವರ ಹೆಸರು. ಯಾರ ಮನೆ, ಯಾವ ಊರು, ಒಂದೂ ತಿಳಿಯದು. ಮಾತು ಮಾತ್ರ ಉಳಿದಿದೆ. ಇದನ್ನೇ ಹಿಡಿದು "ಮಾತು ಎಲ್ಲರದು, ಅಳಿಸಬೇಡಿ" ಎನ್ನುವವರಿದ್ದಾರೆ. ನನಗೆ ಆ ವಾದ ಅರ್ಧ ಮಾತ್ರ ಒಪ್ಪಿಗೆ. ಆ ಶರಣರು ನಮ್ಮನ್ನು ಮರೆತುಬಿಡಿ ಎಂದು ಯಾರಿಗೂ ಫೋನ್ ಮಾಡಿರಲಿಲ್ಲವಲ್ಲ!

ಮತ್ತೆ ನಾನೇನು ಮಾಡಿದೆ? ಕಾಕಾ ತಮ್ಮ ಮನೆಯವರ ಕಾಯಿಲೆ, ಬ್ಯಾಂಕಿನ ಸಾಲ, ತಮ್ಮನ ಜೊತೆಗಿನ ಬದುವಿನ ಜಗಳ ಎಲ್ಲ ಬರೆದಿದ್ದರು. ಅವನ್ನು ಎರಡನೇ ಮಾತಿಲ್ಲದೆ ತೆಗೆದೆ. ತೊಗರಿಯದ್ದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಕೆಳಗೆ ಬರೆದಿದ್ದವರಿಗೆಲ್ಲ ನಿಮ್ಮದನ್ನು ಎತ್ತಿಟ್ಟುಕೊಳ್ಳಿ ಎಂದು ಒಂದು ವಾರ ಮೊದಲೇ ತಿಳಿಸಿ, ಆಮೇಲೆ ಅಳಿಸಿದೆ. ಉಳಿಸಿಕೊಂಡದ್ದನ್ನು ಕಾಕಾನಿಗೆ ಫೋನಿನಲ್ಲೇ ಓದಿ ಹೇಳಿ, ಅವರು ಹೂಂ ಅಂದಷ್ಟನ್ನು ಮಾತ್ರ ಹೆಸರಿಲ್ಲದೆ ಹೊಸದಾಗಿ ಹಾಕಿದೆ. ಹೆಸರು ತೆಗೆದರೂ ಸುಲಭಕ್ಕೆ ಮುಗಿಯಲಿಲ್ಲ. "ಹಳ್ಳದ ದಂಡ್ಯಾಗಿನ ನಮ್ಮ ಹೊಲ" ಎಂದಿದ್ದರೆ ಊರವರಿಗೆ ಅಷ್ಟೇ ಸಾಕು, ಅದನ್ನೂ ತಿದ್ದಬೇಕಾಯಿತು. ಬೇರೆಯವರು "ಕಾಕಾ ಹೇಳ್ಯಾರ" ಎಂದು ಬರೆದದ್ದನ್ನು ಮುಟ್ಟಲಿಲ್ಲ. ಅದು ಅವರ ಮಾತು. ಕಾಕಾ ಬೇಡ ಅಂದಿದ್ದರೆ? ಹೋದ ಜ್ಞಾನಕ್ಕೆ ಮರುಗುತ್ತಲೇ ಅದನ್ನೂ ಅಳಿಸುತ್ತಿದ್ದೆ.

ಮೊನ್ನೆ ಸೂಪರ್ ಮಾರ್ಕೆಟ್ ಹತ್ತಿರ ಚಹಾದಂಗಡಿಯಲ್ಲಿ ಸಿಕ್ಕರು.

"ಎಲ್ಲಾ ತೆಗ್ದೀಯೇನು?"

"ಹೆಸರ ಒಂದೂ ಇಲ್ರಿ ಕಾಕಾ."

"ಗಿಡ ಅಲುಗ್ಸೋದು?"

"ಅದ ಅದರಿ."

ಬಸಿಯಲ್ಲಿ ಚಹಾ ಸುರಿದುಕೊಂಡು ಊದಿದರು. "ತಾಡಪತ್ರಿ ಸಾಲಿನ ನಡಕ ಹಾಸ್ಬೇಕಂತ ಬರ್ದೀಯಿಲ್ಲೋ?" ಎಂದರು.